ಗಂಟಲು ಕಟ್ಟಿದ ಯಜಮಾನ

"ಗುರುಗಳೇ, ಜನ ನನ್ನ ಮಾತು ಯಾಕೆ ಕೇಳುವುದಿಲ್ಲ?"

ಶಿಷ್ಯ ನಮಸ್ಕರಿಸಿ, ಇನ್ನೂ ಕೂರುವ ಮೊದಲೇ ಇದನ್ನು ಕೇಳಿದ. ಮಠದ ದಾಸೋಹದ ಮೇಲ್ವಿಚಾರಣೆ ಅವನ ಕೈಗೆ ಬಂದು ಹೆಚ್ಚು ಕಾಲವಾಗಿರಲಿಲ್ಲ. ನೀರು ತರಲು, ತರಕಾರಿ ಹೆಚ್ಚಲು, ಎಲೆ ಹಾಕಲು ಊರವರು ತಾವಾಗಿ ಬಂದು ಕೈಜೋಡಿಸುವುದು ಅಲ್ಲಿಯ ರೂಢಿ. ಈಚೆಗೆ ಬರುವವರು ಕಡಿಮೆಯಾಗಿದ್ದರು. ಬಂದವರೂ ಮೂಲೆ ಹಿಡಿದು ನಿಲ್ಲುತ್ತಿದ್ದರು. ಬರುವ ಹುಣ್ಣಿಮೆಗೆ ದೊಡ್ಡ ಪಂಕ್ತಿ ಇತ್ತು. ಅಷ್ಟು ಜನಕ್ಕೆ ಅನ್ನ ಹೇಗೆ ಬೇಯುತ್ತದೆ ಎಂಬ ಚಿಂತೆಯಲ್ಲಿ ಅವನ ಮುಖ ಸಣ್ಣದಾಗಿತ್ತು.

"ಹೇಳಿ ಹೇಳಿ ಸಾಕಾಯಿತು. ಕೂಗಿ ಕೂಗಿ ಸಾಕಾಯಿತು" ಎಂದ.

ಗುರುಗಳು ನಕ್ಕರು. "ನೀನು ಕೂಗಿದ್ದು ನನಗೂ ಕೇಳಿಸಿತು ಮಗೂ. ಕೆರೆಯ ಆಚೆ ಎಮ್ಮೆ ಮೇಯಿಸುವವರಿಗೂ ಕೇಳಿಸಿತಂತೆ. ನಿನ್ನ ಪಕ್ಕದಲ್ಲೇ ಕೂತು ಸೌತೆಕಾಯಿ ಹೆಚ್ಚುತ್ತಿದ್ದವನಿಗೆ ಮಾತ್ರ ಕೇಳಿಸಲಿಲ್ಲ. ಕುಳಿತುಕೋ. ಒಂದು ಬೆಲ್ಲದ ಕತೆ ಹೇಳುತ್ತೇನೆ."

ಶಿಷ್ಯ ಕುಳಿತ. ಗುರುಗಳು ಹೇಳತೊಡಗಿದರು.

ಒಂದು ಊರು. ಊರಿನ ಸುತ್ತ ಕಬ್ಬು. ಊರಿಗೆಲ್ಲ ಸೇರಿ ಒಂದೇ ಆಲೆಮನೆ. ಕಬ್ಬು ಅರೆದು ಬೆಲ್ಲ ಕಾಯಿಸುವ ಆ ಚಪ್ಪರಕ್ಕೆ ವರ್ಷಕ್ಕೊಬ್ಬ ಯಜಮಾನ. ಯಾರ ಕಬ್ಬು ಯಾವಾಗ ಅರೆಯಬೇಕು, ಯಾರು ಗಾಣದ ಬಳಿ, ಯಾರು ಒಲೆಯ ಬಳಿ ಎಂಬುದನ್ನೆಲ್ಲ ಆ ವರ್ಷದ ಯಜಮಾನನೇ ನೋಡಿಕೊಳ್ಳಬೇಕು. ಅಲ್ಲಿ ಕೂಲಿ ಇರಲಿಲ್ಲ, ಮುಯ್ಯಿ ಇತ್ತು. ಇವತ್ತು ನಿನ್ನ ಕಬ್ಬಿಗೆ ನಾನು ಬಂದು ದುಡಿದರೆ, ನಾಳೆ ನನ್ನ ಕಬ್ಬಿಗೆ ನೀನು ಬಂದು ದುಡಿಯುತ್ತೀಯೆ. ಮುಯ್ಯಿಗೆ ಬಂದವನು ಆಳಲ್ಲ. ಬರದಿದ್ದರೆ ಎಳೆದು ತರಲು ಆಗುವುದಿಲ್ಲ. ಕರೆದರೆ ಬರುತ್ತಾನೆ, ಅಷ್ಟೇ.

ಆ ವರ್ಷದ ಯಜಮಾನಿಕೆ ಒಬ್ಬ ರೈತನ ಸರದಿಗೆ ಬಂತು. ಮನುಷ್ಯ ಒಳ್ಳೆಯವನು. ಮನೆಗೆ ಬಂದವರನ್ನು ಉಣ್ಣಿಸದೆ ಕಳಿಸಿದವನಲ್ಲ. ಯಾರದ್ದಾದರೂ ಗಾಡಿ ಕೆಸರಲ್ಲಿ ಹೂತರೆ ಮೊದಲು ಹೆಗಲು ಕೊಡುತ್ತಿದ್ದವನೂ ಅವನೇ. ಆದರೆ ಅವನ ನಾಲಿಗೆಗೆ ಮೂಗುದಾರ ಇರಲಿಲ್ಲ. ಹೆಂಡತಿಯ ಮೇಲೆ, ದನದ ಮೇಲೆ, ಬೀಸದ ಗಾಳಿಯ ಮೇಲೆ, ಎಲ್ಲದರ ಮೇಲೂ ಒಂದೇ ದನಿ. ಅವನಿದ್ದ ಬೀದಿಯವರು ಬೆಳಗ್ಗೆ ಏಳಲು ಕೋಳಿ ಸಾಕುತ್ತಿರಲಿಲ್ಲ ಎಂದು ಹೇಳುತ್ತಾರೆ. ಇದರಲ್ಲಿ ಸ್ವಲ್ಪ ಉತ್ಪ್ರೇಕ್ಷೆ ಇರಬಹುದು.

ಮೊದಲು ಅರೆಯಬೇಕಾದದ್ದು ಅವನದೇ ಕಬ್ಬು. ಕಡಿದು ತಂದು ಆಲೆಮನೆಯ ಮುಂದೆ ಒಟ್ಟಿದ್ದರು. ಕಡಿದ ಕಬ್ಬು ಕಾಯುವುದಿಲ್ಲ, ಅದು ನಿನಗೆ ಗೊತ್ತಿರಲಿ. ಬಿಸಿಲಿಗೆ ಬಿದ್ದಲ್ಲೇ ಒಣಗುತ್ತದೆ, ಒಳಗೊಳಗೇ ಹುಳಿಯುತ್ತದೆ. ಹುಳಿತ ಕಬ್ಬಿನಿಂದ ಬೆಲ್ಲ ಕಟ್ಟುವುದಿಲ್ಲ. ವರ್ಷವಿಡೀ ನೀರು ಹಾಯಿಸಿ ಬೆಳೆದದ್ದು ತಿಪ್ಪೆಗೆ ಹೋಗುತ್ತದೆ.

ಮುಯ್ಯಿಗೆ ಜನ ಬಂದರು. ಗಾಣಕ್ಕೆ ಎತ್ತು ಕಟ್ಟಿದರು. ಗಾಣದ ಬಾಯಿಗೆ ಕಬ್ಬು ಕೊಡಲು ದುಂಡಮ್ಮ ಎಂಬ ಹೆಂಗಸು ಕುಳಿತಳು. ಒಲೆಯ ಮುಂದೆ ಜವರ ಕುಳಿತ. ಅವನು ರೈತನ ಬಾಲ್ಯದ ಗೆಳೆಯ. ಇಬ್ಬರೂ ಒಂದೇ ಕೆರೆಯಲ್ಲಿ ಈಜು ಕಲಿತವರು, ಒಂದೇ ಮಾವಿನ ಮರದಿಂದ ಬಿದ್ದವರು. ಕೊಪ್ಪರಿಗೆಯಲ್ಲಿ ಕುದಿಯುವ ಕಬ್ಬಿನ ಹಾಲು ನೋಡಿಕೊಳ್ಳಲು ದ್ಯಾವಣ್ಣ ಎಂಬ ಮುದುಕನಿದ್ದ. ಅವನಿಗೆ ಕಿವಿ ಮಂದ. ಉಳಿದವರು ಕಬ್ಬು ಹೊರುವವರು, ಕೊಪ್ಪರಿಗೆ ಎತ್ತುವವರು.

ರೈತ ಪಕ್ಕದ ಮಣ್ಣಿನ ಕಟ್ಟೆಯ ಮೇಲೆ ಹತ್ತಿ ನಿಂತ. ಎಲ್ಲರೂ ಕಾಣಬೇಕಲ್ಲ. ಅಲ್ಲಿಂದ ಶುರುವಾಯಿತು.

"ಏಯ್ ಉರಿ ಹಾಕು! ಏಯ್ ಕಬ್ಬು ಕೊಡು! ಏಯ್ ಅಲ್ಲೇನ್ ನೋಡ್ತಾ ನಿಂತೆ!"

ಉರಿ ಹಾಕುತ್ತಿದ್ದವನಿಗೆ ಉರಿ ಹಾಕು ಎಂದ. ಕಬ್ಬು ಕೊಡುತ್ತಿದ್ದವಳಿಗೆ ಕಬ್ಬು ಕೊಡು ಎಂದ. ಮಾಡುತ್ತಿರುವ ಕೆಲಸವನ್ನೇ ಮಾಡು ಎಂದು ಹೇಳಿಸಿಕೊಂಡವನಿಗೆ ಏನಾಗುತ್ತದೆ ಗೊತ್ತೇ? ಆ ಕೆಲಸ ಅವನ ಕೈಯಿಂದ ಜಾರಿ ಹೇಳಿದವನದಾಗುತ್ತದೆ. ಮಧ್ಯಾಹ್ನದ ಹೊತ್ತಿಗೆ ಅಷ್ಟೂ ಜನರ ಕೈ ನಿಧಾನವಾಗಿತ್ತು. ಅದನ್ನು ಕಂಡು ಇವನ ಬಾಯಿ ಇನ್ನಷ್ಟು ಜೋರಾಯಿತು.

ಬೆಲ್ಲ ಕಾಯಿಸುವುದರಲ್ಲಿ ಒಂದು ಗಳಿಗೆ ಬರುತ್ತದೆ. ಪಾಕ ಬಂತು ಎಂದರೆ ಬಂತು. ಆಗ ಕೊಪ್ಪರಿಗೆಯ ಬಳೆಗಳಿಗೆ ಬಿದಿರಿನ ಗಳ ತೂರಿಸಿ, ಎಲ್ಲರೂ ಒಟ್ಟಿಗೆ ಹೆಗಲು ಕೊಟ್ಟು, ಒಲೆಯಿಂದ ಇಳಿಸಿ ಮರದ ತೊಟ್ಟಿಗೆ ಸುರಿಯಬೇಕು. ಒಬ್ಬ ಮೊದಲು ಎತ್ತಿ ಇನ್ನೊಬ್ಬ ಆಮೇಲೆ ಎತ್ತಿದರೆ ಕೊಪ್ಪರಿಗೆ ವಾಲುತ್ತದೆ. ತಡ ಮಾಡಿದರೆ ಪಾಕ ಸೀಯುತ್ತದೆ.

ದ್ಯಾವಣ್ಣ ಒಂದು ಹನಿ ಪಾಕವನ್ನು ತಣ್ಣೀರಿಗೆ ಬಿಟ್ಟು, ಬೆರಳಲ್ಲಿ ಉರುಳಿಸಿ ನೋಡಿ, ಕೈ ಮೇಲೆತ್ತಿದ. ಪಾಕ ಬಂದಿತ್ತು. ಗಳದ ಕೆಳಗೆ ಹೆಗಲು ಕೊಟ್ಟವರು ಸಿದ್ಧವಾಗಿದ್ದರು. ರೈತ ಕಟ್ಟೆಯ ಮೇಲಿಂದ ಗಂಟಲು ಹರಿಯುವಂತೆ ಕೂಗಿದ.

"ಎತ್ತು! ಎತ್ತು! ಎತ್ತು!"

ನಮ್ಮ ಮಾತಿನ ತಮಾಷೆ ನೋಡು. ಅವನು ಹೇಳಿದ್ದು ಮೇಲಕ್ಕೆತ್ತು ಎಂದು. ಜವರ ಹೆಗಲ ಮೇಲೆ ಗಳ ಹೊತ್ತುಕೊಂಡೇ ಕತ್ತು ತಿರುಗಿಸಿದ.

"ಎತ್ತು ಆಚೆ ಗಾಣ ಸುತ್ತುತಾ ಅವೆ ಯಜಮಾನ್ರೇ. ಹಿಡ್ಕೊಂಡ್ ಬರ್ಲಾ?"

ಬೆಳಗಿನಿಂದ ಬೈಸಿಕೊಂಡವರಿಗೆ ಇಷ್ಟು ಸಾಕಾಯಿತು. ಒಬ್ಬನಿಗೆ ನಗು ಬಂತು. ಅವನ ಹೆಗಲು ಅಲುಗಿತು, ಗಳ ಅಲುಗಿತು, ಗಳದ ಆ ಕೊನೆಯವನಿಗೂ ನಗು ಹತ್ತಿತು. ನಗುವವನ ಹೆಗಲಲ್ಲಿ ಬಲ ಇರುವುದಿಲ್ಲ. ಅವರು ನಕ್ಕು ಮುಗಿಸಿ ಕೊಪ್ಪರಿಗೆ ಇಳಿಸುವಷ್ಟರಲ್ಲಿ ಪಾಕ ಸೀದಿತ್ತು. ತೊಟ್ಟಿಗೆ ಬಿದ್ದದ್ದು ಬೆಲ್ಲವಲ್ಲ, ಗಾಡಿಯ ಅಚ್ಚಿಗೆ ಬಳಿಯುವ ಕೀಲೆಣ್ಣೆಯ ಹಾಗಿತ್ತು.

ರೈತನಿಗೆ ಕಣ್ಣು ಕತ್ತಲಿಟ್ಟಿತು. ಬಾಯಿಗೆ ಬಂದದ್ದನ್ನು ಅಂದುಬಿಟ್ಟ.

"ನಿಮ್ಗಿಂತ ಆ ಎತ್ತೇ ವಾಸಿ! ಅವಾದ್ರೂ ಹೇಳಿದ್ ಹಾಗೆ ತಿರುಗ್ತವೆ. ನೀವು ಬಂದಿರೋದು ಬೆಲ್ಲ ನೆಕ್ಕೋಕೆ!"

ದುಂಡಮ್ಮ ಸೆರಗಿಗೆ ಕೈ ಒರೆಸಿಕೊಂಡು ಎದ್ದು ಹೋದಳು. ಅವಳ ಹಿಂದೆ ಒಬ್ಬೊಬ್ಬರೇ ಹೋದರು. ಜವರ ಒಲೆಯ ಉರಿಯನ್ನು ಪೂರ್ತಿ ಹೊರಗೆಳೆದು, ನೀರು ಚಿಮುಕಿಸಿ, ಕೊನೆಯಲ್ಲಿ ಹೋದ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎನ್ನುತ್ತಾರೆ. ಅಂದು ಮಾತೂ ಹೋಯಿತು, ಬೆಲ್ಲವೂ ಹೋಯಿತು.

ಮಾರನೆಯ ಬೆಳಗ್ಗೆ ಆಲೆಮನೆಗೆ ಯಾರೂ ಬರಲಿಲ್ಲ. ರೈತ ಕಬ್ಬಿನ ರಾಶಿಯ ಸುತ್ತ ಒಂದು ಸುತ್ತು ಹಾಕಿ ಬಂದು ತಲೆಯ ಮೇಲೆ ಕೈ ಹೊತ್ತು ಕುಳಿತ. ಹೆಂಡತಿ ಅಂಬಲಿ ತಂದಳು.

"ಒಬ್ರೂ ಬರ್ಲಿಲ್ಲ ಕಣೆ" ಎಂದ.

"ಎತ್ತು ಬಂದವಲ್ಲ" ಎಂದಳು ಅವಳು.

ಅವನು ಅಂಬಲಿಯನ್ನು ಪಕ್ಕಕ್ಕಿಟ್ಟ. "ಈಗ ಏನ್ ಮಾಡ್ಲಿ ಹೇಳು" ಎಂದ.

"ಹೋಗಿ ಕರೀರಿ. ಬಾಯ್ತುಂಬ ಕರೀರಿ. ಮರ್ಯಾದೆ ಕೊಟ್ಟು ಮಾತಾಡಿ."

ಅವಳು ಹೇಳಿದ್ದು ಸರಿಯಾಗಿಯೇ ಇತ್ತು. ಇವನು ತಿಳಿದುಕೊಂಡದ್ದು ತನಗೆ ತಿಳಿದಂತೆ. ಮರ್ಯಾದೆ ಎಂದರೆ ಬಹುವಚನ ಎಂದುಕೊಂಡ. ನಗಬೇಡ, ನಮ್ಮಲ್ಲಿ ಅನೇಕರು ಹಾಗೇ ಅಂದುಕೊಂಡಿದ್ದೇವೆ. ಹೋಗು ಎಂಬಲ್ಲಿ ಹೋಗಿ ಎಂದರೆ, ಬಾ ಎಂಬಲ್ಲಿ ಬನ್ನಿ ಎಂದರೆ ಮರ್ಯಾದೆ ಕೊಟ್ಟು ಮುಗಿಯಿತು ಎಂದು.

ಒಗೆದ ಪಂಚೆ ಉಟ್ಟು, ಹೆಗಲಿಗೆ ವಲ್ಲಿ ಹಾಕಿಕೊಂಡು, ಮೊದಲು ಜವರನ ಮನೆಗೆ ಹೋದ. ಜವರ ಜಗಲಿಯ ಮೇಲೆ ಕೂತು ಎಲೆಯಡಿಕೆ ಹಾಕಿಕೊಳ್ಳುತ್ತಿದ್ದ. ರೈತ ಎದುರು ನಿಂತು ಕೈ ಮುಗಿದ.

"ಜವರಯ್ಯನವರು ದಯಮಾಡಿ ಆಲೆಮನೆಗೆ ಬರಬೇಕು. ತಾವಿಲ್ಲದೆ ಆಗುವುದಿಲ್ಲ."

ಜವರನ ಬಾಯಿ ತೆರೆದದ್ದು ತೆರೆದ ಹಾಗೇ ಇತ್ತು. ಅವನು ಒಳಗೆ ತಿರುಗಿ ಹೆಂಡತಿಯನ್ನು ಕೂಗಿದ. "ಲೇ, ಯಾರಾದ್ರೂ ತೀರ್ಕೊಂಡ್ರಾ ನೋಡೇ. ಇವನ್ಯಾಕೋ ಹಿಂಗೆ ಮಾತಾಡ್ತಾವ್ನೆ."

ರೈತ ಮತ್ತೆ ಕೈ ಮುಗಿದು, "ತಾವು ಕೋಪ ಮಾಡಿಕೊಳ್ಳಬಾರದು" ಎಂದ.

ಜವರನ ಮುಖದಲ್ಲಿ ನಗು ಹೋಯಿತು. "ನಿನ್ನೆ ಎತ್ತಿಗಿಂತ ಕಡೆ ಅಂತ ಬೈದೆ. ಅದನ್ನ ನಾನು ಆಗ್ಲೇ ಹೊಟ್ಟೆಗೆ ಹಾಕ್ಕೊಂಡೆ ಕಣ್ಲಾ. ಹುಟ್ಟಿದಾಗ್ಲಿಂದ ಬೈಸ್ಕೊಂಡಿದೀನಿ ನಿನ್ ಕೈಲಿ. ಆದ್ರೆ ನಿನ್ನೆ ಗಂಟ ಬಾರ್ಲಾ ಅಂತಿದ್ದೋನು ಇವತ್ತು ಬನ್ನಿ ಅಂತೀಯಲ್ಲ, ನಾನೇನ್ಲಾ ತಪ್ಪು ಮಾಡ್ದೆ? ನನ್ನ ಯಾಕೆ ದೂರ ಮಾಡ್ದೆ?"

ರೈತ ಕೈ ಮುಗಿದುಕೊಂಡೇ ಹಿಂದೆ ಸರಿದ.

ದುಂಡಮ್ಮನ ಮನೆಗೆ ಹೋದ. ಅವಳನ್ನು ಯಾವಾಗಲೂ ಏಯ್ ದುಂಡಿ ಎನ್ನುತ್ತಿದ್ದವನು ಈಗ ಏನೆನ್ನಬೇಕೆಂದು ದಾರಿಯುದ್ದಕ್ಕೂ ಯೋಚಿಸಿ, ದೊಡ್ಡ ಮರ್ಯಾದೆಯೇ ಇರಲಿ ಎಂದು, "ಅಜ್ಜಮ್ಮನವರೇ" ಎಂದು ಕರೆದ.

"ಯಾರಿಗಣ್ಣ ಅಜ್ಜಿ ಅಂತಿರೋದು?" ಎಂದಳು ದುಂಡಮ್ಮ. "ನಿಮ್ ಮದ್ವೇಲಿ ನಾನು ಲಂಗ ಹಾಕ್ಕೊಂಡು ಆರತಿ ತಟ್ಟೆ ಹಿಡಿದಿದ್ದೆ. ಮರೆತ್ರಾ?"

ದ್ಯಾವಣ್ಣನ ಮನೆಯ ಬಾಗಿಲಲ್ಲಿ ನಿಂತು, "ದಯಮಾಡಿ, ದಯಮಾಡಿ" ಎಂದ. ಮುದುಕನ ಕಿವಿ ಮಂದ ಎಂದೆನಲ್ಲ. ಅವನು ಗಾಬರಿಯಿಂದ ಎದ್ದು ಬಂದ. "ಯಾರಪ್ಪ ದನ ಮಾರೋದು? ನೀನಾ? ಒಳ್ಳೆ ಜೋಡಿ ಕಣಪ್ಪ ಅದು, ಮಾರ್ಬ್ಯಾಡ!"

ರೈತ ಸೋತು ಮನೆಗೆ ಬಂದ. ಇನ್ನು ಯಾರೂ ಬರುವುದಿಲ್ಲ ಎಂದು ಅವನಿಗೆ ಖಚಿತವಾಗಿತ್ತು. ಆದರೆ ಹೊತ್ತು ಏರಿದ ಮೇಲೆ ಎಲ್ಲರೂ ಬಂದರು. ಜವರ ಮುಂದಿದ್ದ. "ನಿನ್ ಮುಖ ನೋಡಿ ಬಂದಿಲ್ಲ. ಕಬ್ಬೇನ್ ತಪ್ಪು ಮಾಡ್ತು ಅಂತ ಬಂದೋ" ಎಂದ. ಬೆಳೆ ಯಾರದ್ದಾದರೂ ಕಣ್ಣೆದುರು ಕೆಡುವುದನ್ನು ನೋಡಲಾರದ ಜನ ಅವರು. ಅಂಥ ಜನ ಸಿಕ್ಕಿದ್ದೇ ಅವನ ಭಾಗ್ಯ. ಅದು ಅವನಿಗೆ ಇನ್ನೂ ಗೊತ್ತಾಗಿರಲಿಲ್ಲ.

ಅವನು ಮತ್ತೆ ಕಟ್ಟೆ ಹತ್ತಿದ. ಇವತ್ತು ಬೈಯುವುದಿಲ್ಲ ಎಂದು ಮನಸ್ಸಿನಲ್ಲೇ ಆಣೆ ಮಾಡಿದ್ದ. ಬೈಯದಿದ್ದರೆ ಹೊಗಳಬೇಕು, ನಡುವೆ ಇನ್ನೊಂದು ದಾರಿ ಇದೆ ಎಂದು ಅವನಿಗೆ ಯಾರೂ ಹೇಳಿರಲಿಲ್ಲ.

"ಭೇಷ್ ಜವರಯ್ಯನವರೇ! ಭೇಷ್ ದುಂಡಮ್ಮನವರೇ! ಭೇಷ್, ಭೇಷ್!"

ಕಬ್ಬು ಹೊತ್ತವನಿಗೂ ಭೇಷ್ ಎಂದ, ಹೊರದೆ ನಿಂತು ರುಮಾಲು ಸುತ್ತುತ್ತಿದ್ದವನಿಗೂ ಭೇಷ್ ಎಂದ. ಸಗಣಿ ಹಾಕಿದ ಎತ್ತಿಗೂ ಒಂದು ಭೇಷ್ ಹೋಯಿತು. ಒಲೆಯ ಹೊಗೆಯಲ್ಲಿ ನಿಂತು, ಗಾಣದ ಕಿರುಗುಟ್ಟುವ ಸದ್ದಿಗಿಂತ ಮೇಲೆ ಕೂಗಿ ಕೂಗಿ, ಅವನ ದನಿ ಒಡೆಯತೊಡಗಿತು. ಆದರೂ ಬಿಡಲಿಲ್ಲ. ದುಂಡಮ್ಮ ಪಕ್ಕದವಳಿಗೆ ಹೇಳಿದಳು: "ಬೈಯೋವಾಗ್ಲಾದ್ರೂ ಒಬ್ಬೊಬ್ರಿಗೆ ಒಂದೊಂದು ಥರ ಬೈತಿದ್ರು ಕಣಮ್ಮ. ನನ್ನ ನೋಡಿ ಬೈತಾವ್ರೆ ಅಂತ ಗೊತ್ತಾಗ್ತಿತ್ತು. ಈ ಭೇಷ್ ಯಾರಿಗೋ ಏನೋ."

ಪಾಕ ಬಂತು. ದ್ಯಾವಣ್ಣ ಕೈ ಎತ್ತಿದ. ಎಲ್ಲರೂ ಗಳಕ್ಕೆ ಹೆಗಲು ಕೊಟ್ಟು ಯಜಮಾನನ ಮಾತಿಗೆ ಕಾದರು. ಎತ್ತು ಎಂಬ ಮಾತನ್ನು ಇನ್ನು ಈ ಜನ್ಮದಲ್ಲಿ ಬಾಯಿಗೆ ತರಬಾರದು ಎಂದು ಅವನು ನಿರ್ಧರಿಸಿದ್ದ.

"ಮಹನೀಯರೇ, ತಾವೆಲ್ಲರೂ ದಯವಿಟ್ಟು, ತಮ್ಮ ಹೆಗಲಿಗೆ ಆಯಾಸ ಆಗದ ಹಾಗೆ, ಈ ಕೊಪ್ಪರಿಗೆಯನ್ನು ಮೇಲಕ್ಕೆ..."

ವಿನಂತಿ ಮುಗಿಯುವಷ್ಟರಲ್ಲಿ ಪಾಕ ಮುಗಿದಿತ್ತು. ಅಂದೂ ತೊಟ್ಟಿಗೆ ಬಿದ್ದದ್ದು ಕೀಲೆಣ್ಣೆಯೇ. ಅತಿವಿನಯಂ ಧೂರ್ತಲಕ್ಷಣಂ ಎಂದು ಪಂಡಿತರು ಹೇಳುತ್ತಾರೆ. ಇವನು ಧೂರ್ತನಲ್ಲ, ಪಾಪ. ಹೆದರಿದವನು. ಹೆದರಿದವನ ವಿನಯಕ್ಕೂ ಕೋಪಗೊಂಡವನ ಬೈಗುಳಕ್ಕೂ ಎದುರಿಗಿರುವವರ ಮುಖ ಕಾಣಿಸುವುದಿಲ್ಲ, ಇಷ್ಟೇ ನಾನು ಕಂಡದ್ದು.

ಸಂಜೆ ಎಲ್ಲರೂ ಹೋದ ಮೇಲೆ ಅವನು ಉಳಿದ ಅರ್ಧ ರಾಶಿಯ ಬುಡದಿಂದ ಒಂದು ಕಬ್ಬು ಎಳೆದು ಮೂಸಿದ. ಹುಳಿಯ ವಾಸನೆ ಸಣ್ಣಗೆ ಶುರುವಾಗಿತ್ತು. ನಾಳೆ ಒಂದು ದಿನ. ಆಮೇಲೆ ಎಲ್ಲ ತಿಪ್ಪೆಗೆ. ಅವನಿಗೆ ಅಳು ಬಂತು. ಅತ್ತ. ಅಳುವಾಗ ದನಿಯೇ ಬರಲಿಲ್ಲ. ಗಂಟಲು ಪೂರ್ತಿ ಕಟ್ಟಿತ್ತು.

ಬೆಳಗ್ಗೆ ಹೆಂಡತಿ ಮೆಣಸಿನ ಕಷಾಯ ಕೊಟ್ಟಳು. ಜೇನು ನೆಕ್ಕಿಸಿದಳು. ಬಾಯಿ ತೆರೆದರೆ ಗಾಳಿ ಬಿಟ್ಟು ಬೇರೇನೂ ಬರಲಿಲ್ಲ. ಮದುವೆಯಾದ ಮೇಲೆ ಮೊದಲ ಸಲ ಅವಳು ಕೊಟ್ಟಿಗೆಯಲ್ಲಿ ಹಾಡು ಹೇಳಿಕೊಂಡು ಹಾಲು ಕರೆದಳಂತೆ.

ಜನ ಬಂದರು. ಅರ್ಧಕ್ಕೆ ಬಿಟ್ಟು ಹೋಗುವುದು ಅವರಿಗೆ ಗೊತ್ತಿರಲಿಲ್ಲ. ರೈತ ರೂಢಿಯಂತೆ ಕಟ್ಟೆ ಹತ್ತಿ ಬಾಯಿ ತೆರೆದ. ಏನೂ ಬರಲಿಲ್ಲ. ಮತ್ತೆ ತೆರೆದ. ಎಣ್ಣೆ ಕಾಣದ ಬಾಗಿಲಿನ ಹಾಗೆ ಒಂದು ಕೀರಲು ಬಂತು. ಎಲ್ಲರೂ ತಿರುಗಿ ನೋಡಿದರು. ಕೂಗಲಾಗದವನಿಗೆ ಕಟ್ಟೆಯ ಮೇಲೆ ಏನು ಕೆಲಸ? ಇಳಿದ.

ಹೇಳಬೇಕಾದದ್ದಿದ್ದರೆ ಇನ್ನು ಹತ್ತಿರ ಹೋಗಿಯೇ ಹೇಳಬೇಕು. ಮೊದಲು ಗಾಣದ ಕಡೆ ನಡೆದ. ಕಬ್ಬು ಕೊಡುವುದು ನಿಧಾನವಾಗುತ್ತಿದೆ ಎಂದು ಹೇಳಲು ಹೊರಟಿದ್ದ. ಹತ್ತಿರ ಹೋಗಿ ಕುಕ್ಕರುಗಾಲಲ್ಲಿ ಕೂತಾಗ ದುಂಡಮ್ಮನ ಬಲಗೈಗೆ ಬಟ್ಟೆ ಸುತ್ತಿದ್ದು ಕಂಡಿತು. ಕಬ್ಬಿನ ಗರಿ ಕೊಯ್ದಿತ್ತು. ಅವಳು ಎಡಗೈಯಲ್ಲಿ ಕಬ್ಬು ಕೊಡುತ್ತಿದ್ದಳು. ಕಟ್ಟೆಯ ಮೇಲಿಂದ ಇದು ಕಾಣುತ್ತಿರಲಿಲ್ಲ.

ಹೇಳಬೇಕೆಂದಿದ್ದ ಮಾತು ಅವನಿಗೆ ಮರೆತೇಹೋಯಿತು. "ಕೈಗೇನಾಯ್ತಮ್ಮ?" ಎಂದು ಪಿಸುಗುಟ್ಟಿದ.

ದುಂಡಮ್ಮ ಅವನನ್ನು ನೋಡಿದಳು. "ಮೊನ್ನೇನೇ ಆಯ್ತಣ್ಣ. ಪರವಾಗಿಲ್ಲ" ಎಂದಳು. ಮೊನ್ನೆಯೇ ಆಗಿತ್ತು. ಆ ಕೈಯಲ್ಲೇ ನಿನ್ನೆ ದಿನವೆಲ್ಲ ಅವಳು ದುಡಿದಿದ್ದಳು. ನಿನ್ನೆ ದಿನವೆಲ್ಲ ಇವನು ಭೇಷ್ ಎಂದಿದ್ದ. ರೈತ ಅವಳ ಪಕ್ಕ ಕೂತು ಕಬ್ಬಿನ ಗರಿ ಸವರಿ ಒಂದೊಂದಾಗಿ ಕೈಗೆ ಎತ್ತಿ ಕೊಡತೊಡಗಿದ. ಗಾಣದ ಬಾಯಿ ಬರಿದಾಗಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಇನ್ನೊಬ್ಬ ಬಂದು, "ನೀವು ಆಚೆ ನೋಡಿ, ನಾನ್ ಕೊಡ್ತೀನಿ" ಎಂದು ಆ ಜಾಗಕ್ಕೆ ಕೂತ. ಅವನೇ ನಿನ್ನೆ ರುಮಾಲು ಸುತ್ತುತ್ತಿದ್ದವನು. ಅವನಿಗೆ ಯಾರೂ ಹೇಳಿರಲಿಲ್ಲ.

ರೈತ ಒಲೆಯ ಬಳಿ ಹೋದ. ಬೆಂಕಿಯ ಝಳ ಮುಖಕ್ಕೆ ಹೊಡೆಯಿತು. ಇಷ್ಟು ಝಳದಲ್ಲಿ ಈ ಮನುಷ್ಯ ದಿನವಿಡೀ ಕೂತಿರುತ್ತಾನೆ ಎಂದು ಅವನಿಗೆ ಹೊಳೆದದ್ದು ಆಗ. ಮಡಕೆಯಿಂದ ನೀರು ಬಗ್ಗಿಸಿ ತಂದು ಕೊಟ್ಟು, ಕಿವಿಯ ಹತ್ತಿರ ಬಾಗಿ, "ಕುಡಿಯೋ ಜವರ" ಎಂದ.

ಜವರ ಚೊಂಬು ಹಿಡಿದುಕೊಂಡೇ ಉಳಿದ. ಅವನ ಕಣ್ಣು ಒದ್ದೆಯಾಯಿತು. ಹೊಗೆ ಇರಬಹುದು ಎಂದ. "ಈಗ ಬಂದ್ಯಾ ನನ್ಮಗ್ನೇ" ಎಂದು ನೀರನ್ನು ಗಟಗಟ ಕುಡಿದ. ಅಯ್ಯನವರೇ ಎಂದಾಗ ಕುಗ್ಗಿದ್ದವನು ಕುಡಿಯೋ ಎಂದಾಗ ಅರಳಿದ. ವ್ಯಾಕರಣದ ಪುಸ್ತಕದಲ್ಲಿ ಇದಕ್ಕೆ ಸೂತ್ರ ಇಲ್ಲ.

ದ್ಯಾವಣ್ಣನ ಬಳಿ ಹೋಗಿ ಅವನ ಕಿವಿಗೆ ಬಾಯಿ ತಾಗಿಸಿ, "ಪಾಕ ಯಾವಾಗ ಬರಬಹುದು ತಾತ?" ಎಂದು ಕೇಳಿದ.

ಮುದುಕ ನಕ್ಕ. ಬಾಯಲ್ಲಿ ಉಳಿದಿದ್ದ ಹಲ್ಲುಗಳೆಲ್ಲ ಕಂಡವು. "ಇಷ್ಟ್ ದಿನ ನಿನ್ ಗದ್ಲ ಕೇಳಿಸ್ತಿತ್ತು ಕಣಪ್ಪ. ಇವತ್ತು ಮಾತು ಕೇಳಿಸ್ತು."

ಕಟ್ಟಿದ ಗಂಟಲಿಗೆ ಒಂದೊಂದು ಮಾತೂ ನೋವು. ಅದಕ್ಕೇ ಬೇಕಾದ ಮಾತನ್ನಷ್ಟೇ ಆಡಿದ. ಉಳಿದ ಹೊತ್ತು ಎದುರಿನವರು ಹೇಳಿದ್ದನ್ನು ಕೇಳಿದ. ಕೇಳುವವನು ಸಿಕ್ಕಿದರೆ ಜನ ಹೇಳುತ್ತಾರೆ. ಒಬ್ಬ ಹೊಸ ಕಬ್ಬಿನ ತಳಿಯ ಬಗ್ಗೆ ಹೇಳಿದ, ಒಬ್ಬಳು ಮಗಳ ಬಾಣಂತನದ ಬಗ್ಗೆ ಹೇಳಿದಳು, ಮತ್ತೊಬ್ಬ ತನ್ನ ಹೆಗಲು ನೋವಿನ ಬಗ್ಗೆ ಹೇಳಿದ. ಹೆಗಲು ನೋವಿನವನನ್ನು ರೈತ ಗಳದಿಂದ ಬಿಡಿಸಿ ಬೆಲ್ಲ ಹುಯ್ಯುವ ಅಚ್ಚು ತೊಳೆಯಲು ಕೂರಿಸಿದ. ಅವನ ಅಚ್ಚುಗಳು ಕನ್ನಡಿಯಾದವು.

ಪಾಕ ಬರುವ ಹೊತ್ತಾಯಿತು. ಗಳಕ್ಕೆ ಹೆಗಲು ಕೊಟ್ಟು ಎಲ್ಲರೂ ನಿಂತರು. ಒಂದು ಹೆಗಲು ಕಡಿಮೆ ಇತ್ತು. ಮುದುಕ ತಣ್ಣೀರಲ್ಲಿ ಬೆರಳು ಉರುಳಿಸುತ್ತಿದ್ದ. ಇದೊಂದು ಕೊಪ್ಪರಿಗೆ ಕೆಟ್ಟರೆ ರೈತನಿಗೆ ಆ ವರ್ಷದ ಬೆಳೆಯೇ ಇಲ್ಲ. ಅದು ಅವನಿಗೂ ಗೊತ್ತಿತ್ತು, ಈಗ ಎಲ್ಲರಿಗೂ ಗೊತ್ತಿತ್ತು.

ದ್ಯಾವಣ್ಣ ಕೈ ಎತ್ತಿದ.

ರೈತ ಬಾಯಿ ತೆರೆದ. ಕೀರಲೂ ಬರಲಿಲ್ಲ. ಅವನು ಓಡಿ ಬಂದು ಜವರನ ಪಕ್ಕದ ಖಾಲಿ ಜಾಗದಲ್ಲಿ ಗಳದ ಕೆಳಗೆ ಹೆಗಲು ಕೊಟ್ಟ. ಎಲ್ಲರ ಮುಖವನ್ನೂ ಒಮ್ಮೆ ನೋಡಿದ. ತುಟಿಯಲ್ಲೇ, ದನಿಯಿಲ್ಲದೆ, "ಎತ್ತೋಣ್ವಾ?" ಎಂದ.

ಜವರ ಅದನ್ನು ಕಂಡು ಗಟ್ಟಿಯಾಗಿ, "ಎತ್ತೋಣ್ರಪ್ಪಾ!" ಎಂದ.

"ಎತ್ತೋಣ!" ಎಂದರು ಎಲ್ಲರೂ.

ಕೊಪ್ಪರಿಗೆ ಒಂದೇ ಸಲಕ್ಕೆ ಮೇಲೆ ಬಂತು. ತುಳುಕಲಿಲ್ಲ, ವಾಲಲಿಲ್ಲ. ಎಳೆಮಗುವಿನ ಹಾಗೆ ಎತ್ತಿಕೊಂಡು ಹೋಗಿ ತೊಟ್ಟಿಗೆ ಸುರಿದರು. ಪಾಕ ಮಡಿಕೆ ಮಡಿಕೆಯಾಗಿ ಇಳಿಯಿತು. ಅದರ ಬಣ್ಣ ನೋಡಿ ದುಂಡಮ್ಮ, "ಅಯ್ಯೋ, ಚಿನ್ನ ಕಣಣ್ಣ!" ಎಂದು ಕೂಗಿಬಿಟ್ಟಳು. ಘಮ ಊರೊಳಗೆ ಹೋಯಿತು. ಕೆಲಸ ಬಿಟ್ಟು ಜನ ಬಂದರು, ದಾರಿಹೋಕರು ಬಂದರು, ಮಕ್ಕಳು ಬಂದರು. ಆಲೆಮನೆಗೆ ಬಂದವರನ್ನು ಬಿಸಿ ಬೆಲ್ಲ ಕೊಡದೆ ಕಳಿಸುವ ಪದ್ಧತಿಯಿಲ್ಲ. ಮುತ್ತುಗದ ಎಲೆಯ ಮೇಲೆ ಬೆಲ್ಲ ಹಾಕಿಕೊಂಡು ರೈತ ತಾನೇ ಒಬ್ಬೊಬ್ಬರ ಮುಂದೆ ಹೋದ. ಮೊದಲು ದುಂಡಮ್ಮನಿಗೆ, ಅವಳ ಎಡಗೈಗೆ. ಆಮೇಲೆ ದ್ಯಾವಣ್ಣನಿಗೆ, ಹಲ್ಲಿಗೆ ಅಂಟದಂತೆ ಮೆತ್ತಗಿದ್ದದ್ದು. ಎತ್ತುಗಳಿಗೂ ಒಂದೊಂದು ಉಂಡೆ ಸಿಕ್ಕಿತು. ಏನೋ ಹೇಳಬೇಕೆಂದು ಅವನ ಎದೆ ತುಂಬಿ ಬರುತ್ತಿತ್ತು, ದನಿ ಇರಲಿಲ್ಲ.

ಜವರ ಬೆರಳು ನೆಕ್ಕುತ್ತಾ ಅವನನ್ನು ನೋಡಿ ನಕ್ಕ. "ಮಾತಾಡ್ದೆ ಇದ್ರೆ ಎಷ್ಟ್ ಚೆನ್ನಾಗ್ ಮಾತಾಡ್ತೀಯ್ಲಾ ನೀನು!"

ಚಪ್ಪರ ಹಾರುವ ಹಾಗೆ ಎಲ್ಲರೂ ನಕ್ಕರು. ರೈತನೂ ನಕ್ಕ, ದನಿಯಿಲ್ಲದೆ, ಹೊಟ್ಟೆ ಹಿಡಿದುಕೊಂಡು.

ಆ ಸುಗ್ಗಿ ಪೂರ್ತಿ ಅವನು ಆಲೆಮನೆಯನ್ನು ಪಿಸುಮಾತಿನಲ್ಲೇ ನಡೆಸಿದ. ಹೇಳಬೇಕಾದ್ದನ್ನು ಹತ್ತಿರ ಹೋಗಿ ಹೇಳಿದ. ಒಬ್ಬನಿಗೆ ಬಾರೋ ಎಂದ, ಒಬ್ಬರಿಗೆ ಬನ್ನಿ ಎಂದ, ದುಂಡಮ್ಮನಿಗೆ ಅಮ್ಮಾ ಎಂದ. ಯಾರಿಗೆ ಯಾವುದು ಎಂದು ಅವರ ಮುಖವೇ ಹೇಳುತ್ತಿತ್ತು. ಊರಿನ ಕಬ್ಬೆಲ್ಲ ಬೆಲ್ಲವಾಯಿತು. ಆಮೇಲೆ ಒಂದು ಕೊಪ್ಪರಿಗೆಯೂ ಸೀಯಲಿಲ್ಲ. ಕರೆಯದಿದ್ದರೂ ಪಕ್ಕದೂರಿನವರು ಮುಯ್ಯಿಗೆ ಬಂದರು, ಈ ಆಲೆಮನೆಯಲ್ಲಿ ದುಡಿದರೆ ದಣಿವೇ ತಿಳಿಯುವುದಿಲ್ಲವಂತೆ ಎಂದು. ಮುಂದಿನ ವರ್ಷ ಸರದಿ ಬೇರೆಯವರದಾಗಿತ್ತು. ಊರವರು ಕೂತು ಮಾತಾಡಿ, ಯಜಮಾನಿಕೆ ಇವನ ಬಳಿಯೇ ಇರಲಿ ಎಂದರು.

ಗುರುಗಳು ಇಲ್ಲಿಗೆ ಕತೆ ನಿಲ್ಲಿಸಿದರು. ಶಿಷ್ಯನ ಮುಖ ಗೆಲುವಾಗಿತ್ತು.

"ಒಳ್ಳೆಯ ಕತೆ ಗುರುಗಳೇ. ಆದರೆ ಅವನದು ದೈವಕೃಪೆ. ಗಂಟಲು ಕಟ್ಟಿತು, ಹಾಗಾಗಿ ಬದುಕಿಕೊಂಡ. ಸುಗ್ಗಿ ಮುಗಿಯುವವರೆಗೂ ಕೂಗೋಣವೆಂದರೂ ಆಗಲಿಲ್ಲ. ನನ್ನ ಗಂಟಲಿಗೆ ಏನೂ ಆಗಿಲ್ಲವಲ್ಲ, ನಾನೇನು ಮಾಡಲಿ?" ಎಂದ. ಆಮೇಲೆ ಏನೋ ನೆನೆದು ಕೇಳಿದ: "ಅಂದಹಾಗೆ, ಅವನ ಗಂಟಲು ಯಾವಾಗ ಸರಿಹೋಯಿತು?"

ಗುರುಗಳು ಎದ್ದು ಮೇಲುವಸ್ತ್ರ ಕೊಡವಿ ಹೆಗಲಿಗೆ ಹಾಕಿಕೊಂಡರು.

"ಬೆಲ್ಲ ಹಂಚಿದ ಮಾರನೆಯ ಬೆಳಗ್ಗೆಯೇ ಸರಿಹೋಗಿತ್ತು ಮಗೂ, ಅವನು ಯಾರಿಗೂ ಹೇಳಲಿಲ್ಲ."